ಮದುವೆಯ ಹಣ ಯಾರ ಕೈಗೆ?

ಆಲ್ದೂರಿನ ಸುತ್ತಲ ತೋಟಗಳಲ್ಲಿ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಮನೆಗಳಲ್ಲಿ ಮದುವೆಯ ಮಾತು ಶುರುವಾಗುತ್ತದೆ. ನಮ್ಮವರ ನಿಕಾಹ್‌ಗೂ ಹೋಗುತ್ತೇವೆ, ನೆರೆಯವರ ಧಾರೆಗೂ ಹೋಗುತ್ತೇವೆ, ಚರ್ಚಿನ ಮದುವೆಗೂ ಹೋಗುತ್ತೇವೆ. ವಿಧಿಗಳು ಬೇರೆ ಬೇರೆ. ಆದರೆ ಎರಡು ಮನೆಗಳು ನಾಲ್ಕು ಜನರ ಸಾಕ್ಷಿಯಲ್ಲಿ ಸಂಬಂಧ ಬೆಳೆಸುವುದು ಎಲ್ಲೆಡೆಯೂ ಒಂದೇ. ಆಗ ಹಣ ಯಾರ ಕೈಗೆ ಹೋಗುತ್ತದೆ ಎಂದು ನೋಡಿದರೆ, ಹೆಣ್ಣಿಗೆ ಸಮಾಜ ಕೊಟ್ಟ ಸ್ಥಾನ ತಿಳಿಯುತ್ತದೆ.

ಹಳೆಯ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ‘ತೆರ’ ಎಂಬ ಪದ್ಧತಿಯಿತ್ತು. ವರನ ಕಡೆಯವರು ವಧುವಿನ ತವರಿಗೆ ಹಣ ಕೊಡುತ್ತಿದ್ದರು. ಎಂ.ಎನ್. ಶ್ರೀನಿವಾಸ್ ಅವರು ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಓದು, ನೌಕರಿ, ಪಟ್ಟಣದ ಬದುಕು ಬಂದಂತೆ ತೆರ ಮರೆಯಾಗಿ ವರದಕ್ಷಿಣೆ ಬಂತು. ಕೊಡುತ್ತಿದ್ದವರೇ ಕೇಳುವವರಾದರು. ಇದರ ವಿರುದ್ಧ ದನಿಯೂ ಎದ್ದಿತು. ನಮ್ಮ ಪಕ್ಕದ ಮೂಡಿಗೆರೆಯಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರ ಮದುವೆಗೆಂದು 1966ರಲ್ಲಿ ತಂದೆ ಕುವೆಂಪು ರೂಪಿಸಿದ ಸರಳ ಮದುವೆಯೇ ಮಂತ್ರಮಾಂಗಲ್ಯ.

ತೆರ ತವರಿಗೆ, ವರದಕ್ಷಿಣೆ ವರನಿಗೆ. ಹಾಗಾದರೆ ಹೆಣ್ಣಿಗೇನು? ಇಸ್ಲಾಮಿಗೆ ಮೊದಲು ಅರಬರಲ್ಲಿಯೂ ವಧುವಿಗಾಗಿ ಬಂದ ಹಣವನ್ನು ಎಷ್ಟೋ ಬಾರಿ ಪೋಷಕರೇ ಇಟ್ಟುಕೊಳ್ಳುತ್ತಿದ್ದರು. ಸೂರಾ ಅನ್ನಿಸಾದ 4ನೇ ಆಯತ್ ಮಹ್ರ್ ಅನ್ನು ಹೆಣ್ಣಿನ ಕೈಗೇ ಸಂತೋಷದಿಂದ ಕೊಡಬೇಕೆಂದು ಆಜ್ಞಾಪಿಸಿತು. ಅದು ಅವಳ ಸ್ವಂತ ಆಸ್ತಿ. ತಂದೆಗಾಗಲಿ ಗಂಡನಿಗಾಗಲಿ ಅದರಲ್ಲಿ ಹಕ್ಕಿಲ್ಲ. ಹಾಗೆಂದು ಬಡವನಿಗೆ ಅದು ಭಾರವೂ ಆಗಲಿಲ್ಲ. ಕಬ್ಬಿಣದ ಉಂಗುರವೂ ಇಲ್ಲದ ಒಬ್ಬರಿಗೆ, ಅವರಿಗೆ ಗೊತ್ತಿದ್ದ ಕುರ್‌ಆನ್ ಸೂರಾಗಳ ಆಧಾರದಲ್ಲೇ ಪ್ರವಾದಿ(ಸ) ನಿಕಾಹ್ ಮಾಡಿಸಿದರು.

ದೇಶದ ಕಾನೂನಿಗೂ ಈ ವ್ಯತ್ಯಾಸ ತಿಳಿದಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮಹ್ರ್ ಅನ್ನು ವರದಕ್ಷಿಣೆಯ ಲೆಕ್ಕದಿಂದ ಹೊರಗಿಟ್ಟಿದೆ.

ಆದರೆ ನಮ್ಮ ಮನೆಗಳ ಸ್ಥಿತಿಯೇನು? ನಿಕಾಹ್ ಪುಸ್ತಕದಲ್ಲಿ ಒಂದಿಷ್ಟು ಮಹ್ರ್ ಬರೆಸುತ್ತೇವೆ. ಹಿಂದಿನ ಬಾಗಿಲಿನಿಂದ ಅದರ ಹತ್ತು ಪಟ್ಟು ಚಿನ್ನ, ಹಣ, ವಾಹನ ಎಣಿಸಿಕೊಳ್ಳುತ್ತೇವೆ. ಮಗಳ ಮದುವೆಗೆಂದು ತೋಟದ ಕೂಲಿ ತಂದೆ ಮಾಡಿದ ಸಾಲ ಮೊಮ್ಮಕ್ಕಳು ಶಾಲೆಗೆ ಹೋಗುವಾಗಲೂ ತೀರಿರುವುದಿಲ್ಲ. ಅಲ್ಲಾಹನು ಹೆಣ್ಣಿನ ಹಕ್ಕೆಂದು ಕೊಟ್ಟದ್ದನ್ನು ನಾವು ಅವಳ ಮನೆಯವರ ಹೊರೆಯಾಗಿ ತಿರುಗಿಸಿದ್ದೇವೆ.

ಪ್ರಿಯ ಸಹೋದರ ಸಹೋದರಿಯರೇ, ಮುಂದಿನ ಸಂಬಂಧ ಮಾತಾಡಲು ಕೂರುವಾಗ ‘ಏನು ಕೊಡುತ್ತೀರಿ?’ ಎಂದು ಹೆಣ್ಣಿನ ತಂದೆಯನ್ನು ಕೇಳುವುದನ್ನು ಬಿಡೋಣ. ‘ನಿನ್ನ ಮಹ್ರ್ ಎಷ್ಟಮ್ಮಾ?’ ಎಂದು ಹೆಣ್ಣುಮಗಳನ್ನೇ ಕೇಳೋಣ. ಅಲ್ಲಾಹನು ನಮಗೆ ಅದರ ತೌಫೀಕ್ ನೀಡಲಿ. ಆಮೀನ್.