ಗಡಿ ದಾಟಿಸಿದ ಮಾರಿ: ಸಿಡುಬು, ಮಕ್ಕಳ ಆರೋಗ್ಯ ಮತ್ತು ಪ್ರಾದೇಶಿಕ ಸಹಭಾಗಿತ್ವ

ಮಕ್ಕಳ ಆರೋಗ್ಯದ ಇತಿಹಾಸವನ್ನು ಆಸ್ಪತ್ರೆ, ಔಷಧ ಮತ್ತು ಕಾಯಿದೆಗಳ ಇತಿಹಾಸವಾಗಿ ಬರೆಯುವ ರೂಢಿಯಿದೆ. ಅದನ್ನೇ ಜನಪದ ಆಚರಣೆಗಳ ಕಡೆಯಿಂದ ನೋಡಿದಾಗ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಒಂದು ಊರಿನ ಮಕ್ಕಳನ್ನು ಕಾಪಾಡಿಕೊಳ್ಳುವಾಗ ರೋಗದ ಹೊರೆಯನ್ನು ಹೊತ್ತವರು ಯಾರು? ಈ ಪ್ರಶ್ನೆಯನ್ನು ಪರಿಶೀಲಿಸಲು ಸಿಡುಬಿನ ಚರಿತ್ರೆಯಷ್ಟು ಸಮರ್ಥವಾದ ಉದಾಹರಣೆ ಮತ್ತೊಂದು ಸಿಗುವುದು ವಿರಳ. ಹೆಚ್ಚಾಗಿ ಮಕ್ಕಳನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಈ ರೋಗ ಉಳಿಸಿಹೋದವರ ಮೈಮೇಲೆ ಕಲೆಯನ್ನೂ ಹಲವರಿಗೆ ಕುರುಡನ್ನೂ ಬಿಟ್ಟುಹೋಗುತ್ತಿತ್ತು.

ಕನ್ನಡ ಜನಪದರು ಸಿಡುಬನ್ನು ‘ಅಮ್ಮ’ ಎಂದು ಕರೆದರು. ಮಗುವಿಗೆ ರೋಗ ತಗುಲಿತು ಎನ್ನದೆ ‘ಅಮ್ಮ ಬಂದಿದ್ದಾಳೆ’ ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಮನೆಯಲ್ಲಿ ಒಗ್ಗರಣೆ ಹಾಕದಿರುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಮಗುವಿಗೆ ತಂಪಿನ ಆಹಾರ ಕೊಡುವುದು, ಇಳಿಮುಖವಾದ ಮೇಲೆ ಬೇವಿನ ನೀರು ಹಾಕುವುದು, ಮೊಸರನ್ನದ ಎಡೆ ಇಡುವುದು ಮುಂತಾದ ನಿಯಮಗಳು ಹಳೆಯ ಮೈಸೂರಿನ ಸೀಮೆಯಲ್ಲಿ ವ್ಯಾಪಕವಾಗಿದ್ದವು. ಈ ನಿಯಮಗಳಿಗೆ ರೋಗವನ್ನು ಗುಣಪಡಿಸುವ ಶಕ್ತಿ ಇರಲಿಲ್ಲ. ಆದರೆ ರೋಗಿಯನ್ನು ಪ್ರತ್ಯೇಕವಾಗಿರಿಸುವ ಮತ್ತು ಆರೈಕೆ ಮಾಡುವ ಒಂದು ಶಿಸ್ತು ಅವುಗಳಲ್ಲಿ ಅಡಕವಾಗಿತ್ತು. ಭಯವನ್ನು ಭಕ್ತಿಯ ಮೂಲಕ ನಿಭಾಯಿಸುವ ದಾರಿಯೂ ಅದಾಗಿತ್ತು.

ಮನೆಯ ಮಟ್ಟದ ಈ ಶಿಸ್ತು ಊರಿನ ಮಟ್ಟಕ್ಕೆ ಬಂದಾಗ ಬೇರೆ ರೂಪ ತಾಳುತ್ತಿತ್ತು. ಬೇನೆ ಹಬ್ಬಿದಾಗ ಮಾರಿಯನ್ನು ಪೂಜಿಸಿ, ಮೊರ, ಮಡಕೆ, ಬೇವಿನ ಸೊಪ್ಪುಗಳೊಡನೆ ಊರಗಡಿಗೆ ಒಯ್ದು ಬಿಟ್ಟುಬರುವ ಪದ್ಧತಿ ಹಲವು ಕಡೆ ಇತ್ತು. ಮಾರಿ ಗಡಿ ದಾಟಿದರೆ ಈ ಊರಿನ ಮಕ್ಕಳು ಉಳಿದರು. ಮುಂದಿನ ಊರಿನವರು ಅದನ್ನು ತಮ್ಮ ಗಡಿಯಾಚೆಗೆ ಸಾಗಿಸಬೇಕು. ಈ ಆಚರಣೆಯಲ್ಲಿ ಶ್ರಮದ ಹಂಚಿಕೆಯೂ ಸಮವಾಗಿರಲಿಲ್ಲ. ಮಾರಮ್ಮನ ಆರಾಧನೆಯಲ್ಲಿ ಹಾಡುವ, ದೇವತೆಯನ್ನು ಬೈದು ಒಲಿಸುವ ಆಸಾದಿಗಳು ದಲಿತ ಸಮುದಾಯಕ್ಕೆ ಸೇರಿದವರು. ಇದೇ ಬಗೆಯ ಹಂಚಿಕೆ ಕರಾವಳಿಯಲ್ಲೂ ಕಂಡುಬರುತ್ತದೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗಾಲದಲ್ಲಿ ಮನೆಮನೆಗೆ ಬಂದು ಮಾರಿಯನ್ನು ಕಳೆಯುವ ಆಟಿ ಕಳೆಂಜನ ವೇಷವನ್ನು ಕಟ್ಟುವವರು ನಲಿಕೆ ಸಮುದಾಯದವರು. ಊರಿನ ಬೇನೆಯನ್ನು ಹೊರಕ್ಕೆ ಒಯ್ಯುವ ಕೆಲಸ ಊರಿನ ಅಂಚಿನಲ್ಲಿ ಇರಿಸಲ್ಪಟ್ಟವರ ಪಾಲಿಗೆ ಬಂದಿತ್ತು ಎಂಬುದು ಗಮನಾರ್ಹ.

ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿ 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು ಇಂತಹ ಸನ್ನಿವೇಶದಲ್ಲಿ. ದೀರ್ಘವಾದ ಸಮುದ್ರಯಾನದಲ್ಲಿ ಒಣಗಿದ ಲಸಿಕೆಯ ರಸ ಸತ್ವ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಅದು ವಿಯೆನ್ನಾದಿಂದ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿ ತಲುಪಿತು. 1802ರ ಜೂನ್ 14ರಂದು ಅಲ್ಲಿ ಲಸಿಕೆ ಪಡೆದ ಮೂರು ವರ್ಷದ ಆನಾ ಡಸ್ಟ್‌ಹಾಲ್ ಭಾರತದಲ್ಲಿ ಲಸಿಕೆ ಫಲಿಸಿದ ಮೊದಲ ಮಗು. ಆ ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಇತರ ಮಕ್ಕಳಿಗೆ ಹಾಕಿ, ಅವರಿಂದ ಮತ್ತೆ ಬೇರೆಯವರಿಗೆ ಹಾಕುತ್ತಾ ಲಸಿಕೆಯನ್ನು ಉಪಖಂಡದ ಉದ್ದಗಲಕ್ಕೆ ಸಾಗಿಸಲಾಯಿತು.

ಮೈಸೂರು ಸಂಸ್ಥಾನದಲ್ಲಿ ಈ ಲಸಿಕೆಗೆ ಅರಮನೆಯ ಬೆಂಬಲ ಬೇಗನೆ ದೊರೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು ವರಿಸಲು 1805ರಲ್ಲಿ ದೇವಾಜಮ್ಮಣ್ಣಿ ಅರಮನೆಗೆ ಬಂದಾಗ ವಧೂವರರಿಬ್ಬರೂ ಇನ್ನೂ ಮಕ್ಕಳೇ ಆಗಿದ್ದರು. ಥಾಮಸ್ ಹಿಕಿ ಚಿತ್ರಿಸಿದನೆಂದು ಹೇಳಲಾಗುವ ಮೂವರು ಮಹಿಳೆಯರ ತೈಲಚಿತ್ರವೊಂದನ್ನು ಬಹುಕಾಲ ನರ್ತಕಿಯರದೆಂದು ಭಾವಿಸಲಾಗಿತ್ತು. ಅದರಲ್ಲಿರುವವರು ಮೈಸೂರಿನ ರಾಣಿಯರೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ವಾದಿಸಿದರು. ಅವರ ಪ್ರಕಾರ ಬಲಬದಿಯ ಕಿರಿಯ ರಾಣಿ ಸೆರಗು ಹಿಡಿದಿರುವ ಭಂಗಿ ಲಸಿಕೆ ಪಡೆದ ತೋಳಿನತ್ತ ನೋಡುವವರ ಗಮನವನ್ನು ಸೆಳೆಯುತ್ತದೆ. ಕಂಪನಿ ಸರ್ಕಾರಕ್ಕೆ ಜನರ ನಂಬಿಕೆ ಬೇಕಿತ್ತು; ಅರಮನೆಗೆ ಕಂಪನಿಯ ಸ್ನೇಹ ಬೇಕಿತ್ತು. ಈ ಸಹಭಾಗಿತ್ವದ ಹಿಂದೆ ರಾಜಕೀಯ ಲೆಕ್ಕಾಚಾರಗಳಿದ್ದರೂ ಅಂತಃಪುರದ ಮಾದರಿ ಪ್ರಜೆಗಳ ಅಂಜಿಕೆಯನ್ನು ಒಂದಿಷ್ಟು ತಗ್ಗಿಸಿತೆನ್ನಬಹುದು.

ರಾಣಿಯ ತೋಳು ಚಿತ್ರದಲ್ಲಿ ಉಳಿಯಿತು. ಲಸಿಕೆಯನ್ನು ಜೀವಂತವಾಗಿರಿಸಿದ ಅಸಂಖ್ಯ ಮಕ್ಕಳ ತೋಳುಗಳಿಗೆ ಅಂತಹ ದಾಖಲೆಯಿಲ್ಲ. ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯಲ್ಲಿ ಸುಮಾರು ಎಂಟನೆಯ ದಿನ ಮಗುವಿನ ಗುಳ್ಳೆಯನ್ನು ಚುಚ್ಚಿ ರಸ ತೆಗೆಯಬೇಕಿತ್ತು. ಮಗುವಿಗೆ ನೋವಾಗುತ್ತಿದ್ದುದರಿಂದ ಉಳ್ಳವರು ಇದಕ್ಕೆ ಒಪ್ಪುತ್ತಿರಲಿಲ್ಲ. ಬಡವರ ಮತ್ತು ಕೆಳಜಾತಿಗಳ ಮಕ್ಕಳಿಂದ ರಸ ತೆಗೆದಾಗ ಮೇಲ್ಜಾತಿಯವರು ಮೈಲಿಗೆಯ ಕಾರಣ ಮುಂದೊಡ್ಡಿ ಅದನ್ನು ನಿರಾಕರಿಸಿದ ಪ್ರಸಂಗಗಳು ಭಾರತದಾದ್ಯಂತ ವರದಿಯಾಗಿವೆ. ಮಾರಿಯನ್ನು ಗಡಿಗೆ ಹೊತ್ತವರ ಮಕ್ಕಳೇ ಲಸಿಕೆಯನ್ನೂ ಹೊರಬೇಕಾಯಿತು ಎಂಬಂತಿದೆ ಈ ಚರಿತ್ರೆ. ಹೀಗಾಗಿ ಲಸಿಕೆಗೆ ಎದುರಾದ ಪ್ರತಿರೋಧವನ್ನು ಮೂಢನಂಬಿಕೆ ಎಂಬ ಒಂದೇ ಮಾತಿನಲ್ಲಿ ಮುಗಿಸಿದ ವಸಾಹತು ಕಾಲದ ವಿವರಣೆ ಅಪೂರ್ಣವೆನಿಸುತ್ತದೆ. ಕೂಸಿನ ತೋಳನ್ನು ಒಡ್ಡಲು ಹಿಂಜರಿದ ತಾಯಿಗೆ ತನ್ನದೇ ಆದ ಕಾರಣವಿತ್ತು.

ಲಸಿಕೆಯನ್ನು ಜನ ತಮ್ಮದಾಗಿಸಿಕೊಂಡ ಬಗೆಗೆ ಭಾಷೆಯೇ ಸಾಕ್ಷಿ ನುಡಿಯುತ್ತದೆ. ಕನ್ನಡದಲ್ಲಿ ‘ಮೈಲಿ’ ಎಂದರೆ ಸಿಡುಬು. ಲಸಿಕೆ ಹಾಕುವುದಕ್ಕೂ ‘ಮೈಲಿ ಹಾಕುವುದು’ ಎಂದೇ ಹೆಸರಾಯಿತು. ‘ದಾಕು ಹಾಕುವುದು’ ಎಂಬ ಮಾತೂ ಬಳಕೆಗೆ ಬಂತು. ಮರಾಠಿಯ ನೆರೆಯ ಉತ್ತರದ ಸೀಮೆಯಲ್ಲಿ ಸಿಡುಬೂ ‘ದೇವಿ’, ಲಸಿಕೆಯೂ ‘ದೇವಿ’. ಬರುವ ದೇವತೆಯನ್ನು ಮೊದಲೇ ಸಣ್ಣ ಪ್ರಮಾಣದಲ್ಲಿ ಬರಮಾಡಿಕೊಳ್ಳುವ ಕ್ರಿಯೆಯಾಗಿ ಲಸಿಕೆಯನ್ನು ಜನ ಅರ್ಥೈಸಿಕೊಂಡರೆಂದು ಊಹಿಸಲು ಇಲ್ಲಿ ಆಸ್ಪದವಿದೆ.

1880ರ ಲಸಿಕಾ ಕಾಯಿದೆ ಬ್ರಿಟಿಷ್ ಭಾರತದ ಆಯ್ದ ಪಟ್ಟಣ ಮತ್ತು ದಂಡುಪ್ರದೇಶಗಳಲ್ಲಿ ಮಕ್ಕಳಿಗೆ ಲಸಿಕೆಯನ್ನು ಕಡ್ಡಾಯಗೊಳಿಸಲು ಅವಕಾಶ ನೀಡಿತು. ಕಾಲಕ್ರಮದಲ್ಲಿ ಕರುಗಳಿಂದ ಲಸಿಕೆ ತಯಾರಿಸುವ ಕ್ರಮ ಬಳಕೆಗೆ ಬಂದು ಮಕ್ಕಳ ತೋಳುಗಳಿಗೆ ಬಿಡುಗಡೆ ಸಿಕ್ಕಿತು. ಬೆಳಗಾವಿಯ ಲಸಿಕಾ ಸಂಸ್ಥೆ ಈ ಕೆಲಸಕ್ಕೆ ಹೆಸರಾಯಿತು. ಈಳವ ಸಮುದಾಯದಲ್ಲಿ ಹುಟ್ಟಿದ ಕಾರಣಕ್ಕೆ ತಿರುವಾಂಕೂರಿನ ವೈದ್ಯಕೀಯ ಸೇವೆಯಲ್ಲಿ ಅವಕಾಶ ಸಿಗದ ಡಾ. ಪಲ್ಪು ಮೈಸೂರು ಸರ್ಕಾರದ ಸೇವೆಗೆ ಸೇರಿ, 1898ರ ಬೆಂಗಳೂರು ಪ್ಲೇಗಿನ ಕಾಲದಲ್ಲಿ ದುಡಿದರು. ಒಂದು ಸಂಸ್ಥಾನ ಜಾತಿಯ ಕಾರಣಕ್ಕೆ ಹೊರಗಿಟ್ಟ ವೈದ್ಯ ಮತ್ತೊಂದು ಸಂಸ್ಥಾನದ ಜನರಿಗೆ ಆಸರೆಯಾದದ್ದು ಗಡಿಯ ಇನ್ನೊಂದು ಮುಖ.

ಭಾರತ ಸರ್ಕಾರ 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆ 1967ರಿಂದ ತನ್ನ ಪ್ರಯತ್ನವನ್ನು ತೀವ್ರಗೊಳಿಸಿತು. ಎಲ್ಲರಿಗೂ ಲಸಿಕೆ ಹಾಕುವುದರ ಜೊತೆಗೆ ಮನೆಮನೆಗೆ ಹೋಗಿ ರೋಗಿಗಳನ್ನು ಪತ್ತೆ ಹಚ್ಚುವ, ರೋಗ ಕಂಡಲ್ಲಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವ ವಿಧಾನಕ್ಕೆ ಒತ್ತು ಬಿತ್ತು. 1974ರಲ್ಲಿ ಬಿಹಾರದಲ್ಲಿ ಸಿಡುಬು ಭೀಕರವಾಗಿ ಹಬ್ಬಿದಾಗ, ರೈಲಿನಲ್ಲಿ ಊರೂರು ಅಲೆಯುವ ಕೂಲಿಕಾರರ ಈ ದೇಶದಲ್ಲಿ ಯಾವ ರಾಜ್ಯವೂ ತನ್ನಷ್ಟಕ್ಕೆ ತಾನು ಸುರಕ್ಷಿತವಲ್ಲವೆಂಬುದು ಸ್ಪಷ್ಟವಾಯಿತು. ಭಾರತದ ಕೊನೆಯ ಪ್ರಕರಣಗಳು 1975ರ ಮೇ ತಿಂಗಳಲ್ಲಿ ದಾಖಲಾದವು. 1977ರ ಏಪ್ರಿಲ್‌ನಲ್ಲಿ ಭಾರತವೂ 1980ರ ಮೇ 8ರಂದು ಜಗತ್ತೂ ಸಿಡುಬುಮುಕ್ತವೆಂದು ಘೋಷಿತವಾದವು. ಗಡಿಯಾಚೆಗೆ ದಾಟಿಸುವ ಬದಲು ಗಡಿಯ ಎರಡೂ ಬದಿಯವರು ಒಟ್ಟಾಗಿ ಹುಡುಕಿದ ಮೇಲೆ ಮಾರಿಗೆ ಹೋಗಲು ಮುಂದಿನ ಊರು ಉಳಿಯಲಿಲ್ಲ.

ಪೋಲಿಯೊ ವಿಷಯದಲ್ಲಿಯೂ ಇದೇ ಕ್ರಮ ಫಲ ನೀಡಿತು. 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮತ್ತು 1995ರ ಪಲ್ಸ್ ಪೋಲಿಯೊ ಅಭಿಯಾನದ ನಂತರ, ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆತದ್ದು ಭಾರತವೊಂದಕ್ಕೇ ಅಲ್ಲ. ಆಗ್ನೇಯ ಏಷ್ಯಾ ಪ್ರದೇಶದ ಹನ್ನೊಂದು ದೇಶಗಳಿಗೆ ಒಟ್ಟಾಗಿ.

ಆದರೆ ಒಂದು ರೋಗ ಅಳಿದ ಮಾತ್ರಕ್ಕೆ ಮಕ್ಕಳ ನಡುವಣ ಅಸಮಾನತೆ ಅಳಿಯುವುದಿಲ್ಲ. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪೈಕಿ 21 ಗುಲ್ಬರ್ಗಾ ವಿಭಾಗದವು. ಎರಡು ಹನಿ ಪೋಲಿಯೊ ಲಸಿಕೆ ಮುಟ್ಟಿದ ಮನೆಗೆ ಪೌಷ್ಟಿಕ ಆಹಾರ, ಶುದ್ಧ ನೀರು, ಹೆರಿಗೆಯ ಆರೈಕೆಗಳು ಅದೇ ನಿಷ್ಠೆಯಿಂದ ಮುಟ್ಟಬೇಕಾದ ಅಗತ್ಯವನ್ನು ಈ ಅಂಕಿಗಳು ನೆನಪಿಸುತ್ತವೆ. ಆ ಕೆಲಸದಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ತಾಯಂದಿರನ್ನೂ, ಊರಿನ ಮಾರಿಯನ್ನು ಹೊತ್ತ ಸಮುದಾಯಗಳನ್ನೂ ತಿದ್ದಬೇಕಾದ ಜನರೆಂದು ಕಾಣದೆ ಸಹಭಾಗಿಗಳೆಂದು ಕಾಣುವುದು, ಸಿಡುಬಿನ ಚರಿತ್ರೆ ಆರೋಗ್ಯ ಯೋಜನೆಗಳ ಮುಂದಿಡುವ ಬೇಡಿಕೆಯಾಗಿದೆ.