ಪೌರನೀತಿ ಪಾಠಕ್ಕೂ ಪೇಪರಿಗೂ ಯಾಕೆ ಆಗಿಬರಲ್ಲ?

ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗನೋ ಹುಡುಗಿಯೋ ಮುಂದೆ ಬಂದು ಪೇಪರಿನ ನಾಲ್ಕು ಹೆಡ್ಡಿಂಗ್ ಓದುವುದು ನಮ್ಮ ಕಡೆಯ ಶಾಲೆಗಳಲ್ಲಿ ಮಾಮೂಲು. ನೀವೂ ಓದಿರಬಹುದು. ಓದಿದ್ದಾಯಿತು, ಸಾಲು ಚದುರಿತು, ಅಲ್ಲಿಗೆ ಸುದ್ದಿಯ ಕಥೆ ಮುಗಿಯಿತು. ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಅದನ್ನು ಎತ್ತುವವರು ಕಡಿಮೆ. ವರದಿಗೆಂದು ಹೋದಾಗ ಮೇಷ್ಟ್ರುಗಳನ್ನು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಯಾಕೆ ಸಾರ್ ಇಲ್ಲದ ಉಸಾಬರಿ? ಮೊದಲು ಪೋರ್ಷನ್ ಮುಗೀಲಿ."

ಈ ಅಂಜಿಕೆ ಬಂದಿದ್ದೇ ಮೊಬೈಲಿನಿಂದ ಅಂತ ಕೆಲವರು ಹೇಳುತ್ತಾರೆ. ಅಲ್ಲ. ಅದಕ್ಕೆ ನೂರು ವರ್ಷ ದಾಟಿದೆ.

ವಿಲಿಯಂ ಲೀ-ವಾರ್ನರ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ ಇದ್ದ. ಬಾಂಬೆ ಸರ್ಕಾರದಲ್ಲಿ ಬಹುಕಾಲ ಕೆಲಸ ಮಾಡಿದವನು. 1895ರಲ್ಲಿ ಮೈಸೂರಿನ ರೆಸಿಡೆಂಟ್, ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿದ್ದ. 1897ರಲ್ಲಿ ಅವನು 'ದಿ ಸಿಟಿಜನ್ ಆಫ್ ಇಂಡಿಯಾ' ಎಂಬ ಪುಸ್ತಕವನ್ನು ನಮ್ಮ ದೇಶದ ಶಾಲಾ ಮಕ್ಕಳಿಗೆಂದೇ ಬರೆದ. ಹಳ್ಳಿ ಹೇಗಿದೆ, ಪ್ರಾಂತ ಹೇಗಿದೆ, ಸರ್ಕಾರ ಏನೇನು ಮಾಡುತ್ತದೆ ಎಂದು ಅದರಲ್ಲಿ ಹೇಳಿದ. ಸರ್ಕಾರ ಒಳ್ಳೆಯದು, ಅದನ್ನು ಅರ್ಥ ಮಾಡಿಕೊಂಡು ವಿಧೇಯನಾಗಿರುವವನೇ ಒಳ್ಳೆಯ ಪ್ರಜೆ ಅನ್ನುವುದು ಪುಸ್ತಕದ ಧಾಟಿ.

ಅದೇ 1897ರಲ್ಲಿ ಪುಣೆಯಲ್ಲಿ ಪ್ಲೇಗ್. ರೋಗಿಗಳನ್ನು ಹುಡುಕಲು ಸೋಲ್ಜರುಗಳು ಮನೆಮನೆಗೆ ನುಗ್ಗಿದರು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. 'ಕೇಸರಿ'ಯಲ್ಲಿ ಬಂದ ಬರಹಗಳಿಗಾಗಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ಕೇಸು ಬಿತ್ತು, 18 ತಿಂಗಳ ಶಿಕ್ಷೆಯಾಯಿತು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಆಗ ಅದೇ ಬಾಂಬೆ ಪ್ರಾಂತದಲ್ಲಿದ್ದವು. ಹುಡುಗರ ಕೈಗೆ ಪ್ರಜೆಯ ಪಾಠ, ಪತ್ರಿಕೆಯವರ ಕೈಗೆ ಕೋಳ. ಎರಡೂ ಒಂದೇ ವರ್ಷ.

ಪುಸ್ತಕದಿಂದ ಹುಡುಗರು ಪಳಗಲಿಲ್ಲ. 1905ರಲ್ಲಿ ಬಂಗಾಳವನ್ನು ಒಡೆದಾಗ ಶಾಲೆ ಬಿಟ್ಟು ಸ್ವದೇಶಿ ಸಭೆಗಳಿಗೆ ನುಗ್ಗಿದರು. ಅಕ್ಟೋಬರ್‌ನಲ್ಲಿ ಅಲ್ಲಿನ ಮುಖ್ಯ ಕಾರ್ಯದರ್ಶಿ ಕಾರ್ಲೈಲ್ ಒಂದು ಸುತ್ತೋಲೆ ಹೊರಡಿಸಿದ. ಹುಡುಗರನ್ನು ಚಳವಳಿಯಿಂದ ದೂರ ಇಡದ ಶಾಲೆಗೆ ಗ್ರಾಂಟ್ ಇಲ್ಲ, ಸ್ಕಾಲರ್‌ಶಿಪ್ ಇಲ್ಲ. ಇನ್ನೂ ಒಂದು ಮಾತಿತ್ತು, ಅದನ್ನು ನಿಧಾನವಾಗಿ ಓದಿ: ಅಗತ್ಯ ಬಿದ್ದರೆ ಮೇಷ್ಟ್ರುಗಳನ್ನೇ ಸ್ಪೆಷಲ್ ಕಾನ್‌ಸ್ಟೇಬಲ್ ಮಾಡಲಾಗುತ್ತದೆ! ಅಂದರೆ ಪಾಠ ಹೇಳುವವನು ತನ್ನ ವಿದ್ಯಾರ್ಥಿಗಳ ಮೇಲೆಯೇ ಪೊಲೀಸು. ರಂಗಪುರದಲ್ಲಿ ಸಭೆಗೆ ಹೋದ ಹುಡುಗರಿಗೆ ದಂಡ ಹಾಕಿದರು. ನವೆಂಬರ್‌ನಲ್ಲಿ ಊರವರು ತಮ್ಮದೇ ರಾಷ್ಟ್ರೀಯ ಶಾಲೆ ತೆರೆದರು.

ಸ್ವಾತಂತ್ರ್ಯ ಬಂತು. 1952-53ರಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಆಯೋಗ ಇತಿಹಾಸ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರಗಳನ್ನು ಸೇರಿಸಿ ಸಮಾಜ ಪಾಠ ಎಂದು ಕಲಿಸಬೇಕು ಎಂದಿತು. ಹೆಸರು ಬಂತು, ಸ್ವಭಾವ ಬದಲಾಗಲಿಲ್ಲ. ರಾಷ್ಟ್ರಪತಿಯ ಅಧಿಕಾರಗಳು ಯಾವುವು, ರಾಜ್ಯಸಭೆ ಸದಸ್ಯನ ಅರ್ಹತೆ ಏನು. ಬಾಯಿಪಾಠ, ಪರೀಕ್ಷೆ, ಮರೆವು. ನಾವೆಲ್ಲ ಹಾಗೇ ಪಾಸಾದವರು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಮೂಲವನ್ನು ನೇರವಾಗಿ ಹೇಳಿತು: ವಸಾಹತು ಕಾಲದಲ್ಲಿ ಜನರ ನಿಷ್ಠೆ ಕಡಿಮೆಯಾಗುತ್ತಿದ್ದಾಗ ಬಂದ ವಿಷಯ ಪೌರನೀತಿ, ವಿಧೇಯತೆಗೇ ಅದರಲ್ಲಿ ಒತ್ತು. ಆ ಬಳಿಕ ಬಂದ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಪೇಪರ್ ಕಟಿಂಗ್, ಕಾರ್ಟೂನು, ಪ್ರಶ್ನೆಗಳು ತುಂಬಿದವು. ಸುದ್ದಿ ಕೊನೆಗೂ ಪುಸ್ತಕದೊಳಗೆ ಬಂತು.

ಬಂದಿದ್ದಕ್ಕೆ ಏನಾಯಿತು? 11ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಶಂಕರ್ 1949ರಲ್ಲಿ ಬರೆದ ಕಾರ್ಟೂನ್ ಒಂದಿತ್ತು. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ. ಸಂವಿಧಾನ ಬರೆಯಲು ಸುಮಾರು 3 ವರ್ಷ ಯಾಕೆ ಹಿಡಿಯಿತು ಎಂಬ ಪಾಠಕ್ಕೆ ಹಾಕಿದ್ದ ಚಿತ್ರ. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ದೊಡ್ಡ ಗಲಾಟೆಯಾಯಿತು. ಮಂತ್ರಿ ಕಪಿಲ್ ಸಿಬಲ್ ಕ್ಷಮೆ ಕೇಳಿದರು, ಪುಸ್ತಕದ ಸಲಹೆಗಾರರಾದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಆ ಚಾಟಿ ನೋಡಿ ಎಷ್ಟೋ ಜನರಿಗೆ ನೋವಾಗಿದ್ದು ಸುಳ್ಳಲ್ಲ, ಅದನ್ನು ಹಗುರ ಮಾಡಬಾರದು. ಆದರೆ ಆ ನೋವನ್ನೇ ತರಗತಿಯಲ್ಲಿ ಮಾತಾಡಬಹುದಿತ್ತು. 63 ವರ್ಷ ಹಳೆಯ ಕಾರ್ಟೂನೇ ಇಷ್ಟು ಸುಡುವಾಗ, ಇವತ್ತಿನ ಪೇಪರ್ ಮುಟ್ಟಲು ಹೆದರುವ ಮೇಷ್ಟ್ರನ್ನು ನಾನಂತೂ ಬೈಯಲಾರೆ.

ಹೆದರದವರೂ ಇದ್ದಾರೆ. ನಾನು ಓಡಾಡುವ ಕಡೆ ಒಬ್ಬ ಮೇಡಂ ದಿಲ್ಲಿಯ ಸುದ್ದಿ ಮುಟ್ಟುವುದೇ ಇಲ್ಲ. ಪಂಚಾಯಿತಿ ಲೈಬ್ರರಿಯಿಂದ ಎರಡು ಪೇಪರ್ ತರಿಸಿ, ಹತ್ತಿರದ ಊರಿನ ನೀರಿನ ಸುದ್ದಿಯನ್ನು 8ನೇ ತರಗತಿಯ ಮುಂದಿಟ್ಟರು. ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಯಾರು ಮಾತಾಡಿದ್ದಾರೆ, ಯಾರು ಮಾತಾಡಿಲ್ಲ?" ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಮೇಡಂ, ಅಧ್ಯಕ್ಷರು ಮಾತಾಡಿದ್ದಾರೆ, ಪಿಡಿಒ ಮಾತಾಡಿದ್ದಾರೆ. ಕೊಡ ಹೊರೋರು ಯಾರೂ ಇಲ್ಲ."

ಆ ವಾರ ಮಕ್ಕಳ ಗ್ರಾಮಸಭೆ ಇತ್ತು. ಮಕ್ಕಳು ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಹೋದರು. ಮೊದಲನೆಯದು: ನಮ್ಮ ಕೇರಿಗೆ ವಾರಕ್ಕೆ ಎಷ್ಟು ದಿನ ನೀರು ಬಿಡುತ್ತೀರಿ, ಆ ಲೆಕ್ಕ ಯಾವ ಪುಸ್ತಕದಲ್ಲಿದೆ?