ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್ ಟೂರ್

ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್ ಟೂರ್ ಎಂಬುದು ಇಂಗ್ಲೆಂಡಿನ ಹೆವಿ ಮೆಟಲ್ ವಾದ್ಯತಂಡ ಐರನ್ ಮೇಡನ್ 2006–07ರಲ್ಲಿ ಕೈಗೊಂಡ ವಿಶ್ವ ಸಂಗೀತ ಪ್ರವಾಸ. 1975ರಲ್ಲಿ ಸ್ಟೀವ್ ಹ್ಯಾರಿಸ್ ಸ್ಥಾಪಿಸಿದ ಈ ತಂಡವು ಅದೇ ಹೆಸರಿನ ತನ್ನ 14ನೆಯ ಸ್ಟುಡಿಯೋ ಆಲ್ಬಮ್‌ನ ಪ್ರಚಾರಾರ್ಥ ಪ್ರವಾಸವನ್ನು ಏರ್ಪಡಿಸಿತ್ತು. ಭಾರತದಲ್ಲಿ ತಂಡದ ಮೊದಲ ಕಾರ್ಯಕ್ರಮ ಇದರ ಅಂಗವಾಗಿ ಬೆಂಗಳೂರಿನಲ್ಲಿ ನಡೆಯಿತು.

ಮೊದಲ ಹಂತ

ಪ್ರವಾಸವು 2006ರ ಅಕ್ಟೋಬರ್ 4ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಆರಂಭವಾಯಿತು. ಈ ಹಂತದಲ್ಲಿ ಹೊಸ ಆಲ್ಬಮ್‌ನ ಹತ್ತೂ ಹಾಡುಗಳನ್ನು ಅನುಕ್ರಮವಾಗಿ ಪ್ರಸ್ತುತಪಡಿಸಿ, ಕೊನೆಯಲ್ಲಿ ಕೆಲವೇ ಹಳೆಯ ಹಾಡುಗಳನ್ನು ಹಾಡಲಾಗುತ್ತಿತ್ತು. ಜನಪ್ರಿಯ ಹಳೆಯ ಹಾಡುಗಳನ್ನು ನಿರೀಕ್ಷಿಸಿ ಬಂದಿದ್ದ ಅಭಿಮಾನಿಗಳಲ್ಲಿ ಇದು ಭಿನ್ನಾಭಿಪ್ರಾಯಕ್ಕೆ ಎಡೆಮಾಡಿತು.

ಎರಡನೆಯ ಹಂತ ಮತ್ತು ಬೆಂಗಳೂರು

1982ರ ದಿ ನಂಬರ್ ಆಫ್ ದಿ ಬೀಸ್ಟ್ ಆಲ್ಬಮ್‌ಗೆ 25 ವರ್ಷ ತುಂಬಿದ ನಿಮಿತ್ತ, 2007ರಲ್ಲಿ ಹೊಸ ಹಾಡುಗಳನ್ನು ಕಡಿಮೆ ಮಾಡಿ ಆ ಆಲ್ಬಮ್‌ನ ಹಾಡುಗಳನ್ನು ಸೇರಿಸಲಾಯಿತು. ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಾರ್ಯಕ್ರಮವನ್ನು, ಪ್ರಮುಖ ಹೆವಿ ಮೆಟಲ್ ತಂಡವೊಂದು ಭಾರತದಲ್ಲಿ ನೀಡಿದ ಮೊದಲ ಬೃಹತ್ ಪ್ರದರ್ಶನವೆಂದು ಪರಿಗಣಿಸಲಾಗುತ್ತದೆ. ತಂಡವು 2009ರಲ್ಲಿ ಮತ್ತೆ ಬೆಂಗಳೂರಿಗೆ ಬಂದಿತು.

ಸಮಾರೋಪ

ಪ್ರವಾಸವು 2007ರ ಜೂನ್ 24ರಂದು ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ಮುಕ್ತಾಯಗೊಂಡಿತು. ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಬಳಲುತ್ತಿದ್ದ ತಂಡದ ಮಾಜಿ ಡ್ರಮ್ ವಾದಕ ಕ್ಲೈವ್ ಬರ್ ಹೆಸರಿನ ನಿಧಿಗಾಗಿ ನಡೆಸಿದ ಸಹಾಯಾರ್ಥ ಪ್ರದರ್ಶನವಾಗಿತ್ತು.